ಕವುರ್ಮಾ ಹುಡುಕಿದ ಬಸಂತರಾಯ ಸರ್

ಬಸಂತರಾಯ ಇಂಗಳೇಶ್ವರ ಎಂಬ ಅತಿಥಿ ಉಪನ್ಯಾಸಕರ ಪಿಎಚ್‌ಡಿ ಪ್ರಬಂಧವನ್ನು ನಾನು ಹನ್ನೊಂದು ಸಲ ಟೈಪು ಮಾಡಿದ್ದೇನೆ. ಹನ್ನೊಂದು ಸಲ ಅಂದರೆ ಸಣ್ಣಪುಟ್ಟ ತಿದ್ದುಪಡಿ ಬಿಟ್ಟು. ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್ ಎಂದು ಬೋರ್ಡಿನಲ್ಲಿದೆ. ವಿದ್ಯಾವತಿ ಎಂಬ ನನ್ನ ಹೆಸರು ಬೋರ್ಡಿನಲ್ಲಿಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿ. ಮದುವೆ ಪತ್ರಿಕೆ, ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ಎಲ್ಲವೂ ಈ ಬೆರಳುಗಳಿಂದಲೇ ಹೋಗಿವೆ. ಕುತ್ತಿಗೆ ನೋವು ಬಂದು ಆರು ವರ್ಷವಾಯಿತು. ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿ ಐದು ವರ್ಷವಾಯಿತು.

ಪ್ರಬಂಧ ಟೈಪು ಮಾಡುವವಳಿಗೆ ಪಂಡಿತರೆಲ್ಲ ಒಳಗಿನಿಂದ ಕಾಣುತ್ತಾರೆ. ಯಾರ ಅಧ್ಯಾಯ ಯಾರ ಮನೆಯಿಂದ ಎದ್ದು ಬಂದಿದೆ ಎಂದು ನನಗೆ ಗೊತ್ತಾಗುತ್ತದೆ, ಯಾಕೆಂದರೆ ಎಷ್ಟೋ ಸಲ ಅದನ್ನು ಮೊದಲು ಟೈಪು ಮಾಡಿದವಳೂ ನಾನೇ. ಒಬ್ಬ ಮಹಾಶಯರು ಬೇರೊಬ್ಬರ ಪ್ರಬಂಧ ತಂದು ಹೆಸರು ಬದಲಿಸಿದರು. ಕೃತಜ್ಞತೆಯ ಪುಟದಲ್ಲಿ 'ನನ್ನ ಪೂಜ್ಯ ತಾಯಿಯವರಾದ' ಎಂಬಲ್ಲಿ ತಾಯಿಯ ಹೆಸರು ಬದಲಿಸಲು ಮರೆತರು. ನಾನು ಹೇಳಲಿಲ್ಲ. ಅವರು ಈಗ ಡಾಕ್ಟರು. ಊರಿನವರ ಗರತಿತನ ಕಾಯುವುದು ನನ್ನ ಕೆಲಸವಲ್ಲ.

ಬಸಂತರಾಯ ಸರ್ ಮಾತ್ರ ಪ್ರತಿ ಸಾಲನ್ನೂ ಸ್ವಂತ ಕೈಯಲ್ಲಿ ಬರೆದು ತರುತ್ತಿದ್ದರು. ಅಕ್ಷರ ಇರುವೆ ಸಾಲು. ಪ್ರತಿ ಹಾಳೆಯ ಅಂಚಿನಲ್ಲಿ ಎಲ್ಲಿ ಕೇಳಿದ್ದು, ಯಾರು ಹೇಳಿದ್ದು, ಯಾವ ದಿನ ಎಂದು ಇರಲೇಬೇಕು. ನನಗೆ ಸಿಟ್ಟು ಬರುತ್ತಿತ್ತು. "ಸರ, ಇಷ್ಟು ಯಾರ ಓದತಾರ?" ಅಂದರೆ, "ಯಾರೂ ಓದಂಗಿಲ್ಲ ಬಿಡ್ರಿ. ಆದರೂ ಇರ್ಲಿ" ಅನ್ನುತ್ತಿದ್ದರು.

ಅವರ ವಿಷಯ ಏನೆಂದು ಕೇಳಿದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಕುರ್ಮಾ ಎಂಬ ಒಂದು ಪದ. ಹೆಸರಿಗೆ ನಮ್ಮ ಸೀಮೆಯ ಅಡುಗೆ ಪದಗಳೆಲ್ಲ ಪ್ರಬಂಧದಲ್ಲಿದ್ದವು, ಆದರೆ ಜೀವ ಇದ್ದದ್ದು ಕುರ್ಮಾದಲ್ಲಿ. ಇನ್ನೊಂದು ತಮಾಷೆ ಕೇಳಿ: ಮನುಷ್ಯ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಹುಟ್ಟಿದಾಗಿನಿಂದ ಮಾಂಸ ಕಂಡವರಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ದಿನ ಪೂರಿಯ ಜೊತೆ ಆಲೂಗಡ್ಡೆಯ ಕುರ್ಮಾ ಬಂತಂತೆ. "ಇದಕ್ಕ ಕುರ್ಮಾ ಅಂತ ಯಾಕ ಅಂತಾರಪಾ?" ಎಂದು ಕೇಳಿದರಂತೆ. ತಟ್ಟೆ ಇಟ್ಟವನು, "ಪೂರಿ ಜೋಡಿ ಕೊಡ್ತೇವಲ್ರಿ, ಅದಕ್ಕ" ಎಂದನಂತೆ. ಆ ಉತ್ತರದಿಂದ ಸಮಾಧಾನವಾಗಿದ್ದರೆ ಅವರ ಬಾಳು ಬೇರೆಯೇ ಆಗುತ್ತಿತ್ತು. ಆಗಲಿಲ್ಲ. ಒಂಬತ್ತು ವರ್ಷ ಆ ಪೂರಿಯ ಹಿಂದೆ ಹೋಯಿತು.

ನಾನು ಟೈಪು ಮಾಡುವಾಗ ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು. ಹಳೆಯ ತುರ್ಕಿಯಲ್ಲಿ ಹುರಿಯುವುದಕ್ಕೆ 'ಕವುರ್' ಎಂಬ ಧಾತು. ಅದರಿಂದ ಕವುರ್ಮಾ, ಅಂದರೆ ಹುರಿದದ್ದು. ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಹುರಿದು, ಉಪ್ಪು ಹಾಕಿ, ಗಡಿಗೆಯಲ್ಲಿ ಮುಚ್ಚಿಟ್ಟು ಚಳಿಗಾಲವಿಡೀ ತಿನ್ನುತ್ತಿದ್ದರಂತೆ. ಈ ಪದ ಕುದುರೆ ಹತ್ತಿ ನಾಲ್ಕು ದಿಕ್ಕಿಗೂ ಹೊರಟಿತು. ಪಶ್ಚಿಮಕ್ಕೆ ಹೋಗಿ ಬಲ್ಗೇರಿಯಾದಲ್ಲಿ ಕವರ್ಮಾ ಆಯಿತು. ಅರಬರ ಕಡೆ ಕವರ್ಮಾ ಎಂದೇ ಉಳಿದು, ಲೆಬನಾನಿನ ಹಳ್ಳಿಗಳಲ್ಲಿ ಇಂದಿಗೂ ಗಡಿಗೆಯಲ್ಲಿದೆ. ಉಜ್ಬೇಕರಲ್ಲಿ ಕೊವುರ್ಮಾ. ಇರಾನಿಗೆ ಬಂದು ನಡುವಿನ 'ವು' ಕಳೆದುಕೊಂಡು ಘೋರ್ಮೆ ಆಯಿತು, ಸೊಪ್ಪಿನ ಜೊತೆ ಸೇರಿತು. ಅಲ್ಲಿಂದ ದಿಲ್ಲಿಗೆ ಬಂದು ಕೋರ್ಮಾ. ಮೊಸರು, ಬಾದಾಮಿ, ಗಸಗಸೆ ಎಲ್ಲ ಅಂಟಿಕೊಂಡು ರಾಜರ ತಟ್ಟೆ ಸೇರಿತು. ಕೊನೆಗೆ ನಮ್ಮಲ್ಲಿಗೆ ಬಂದು ಕುರ್ಮಾ. ಮಾಂಸ ಹೋಯಿತು, ಹುರಿಯುವುದೂ ಹೋಯಿತು, ಆಲೂಗಡ್ಡೆ ಬಂತು. "ಸಾವಿರಾರು ಮೈಲ ನಡಕೊಂಡ ಬಂದ ಪದರಿ ಇದು. ಎಷ್ಟ ದಣದಿರಬೇಕ ನೋಡ್ರಿ" ಎನ್ನುತ್ತಿದ್ದರು. ಪದ ದಣಿದಿತ್ತೋ ಇಲ್ಲವೋ, ಹೇಳುವವರ ಕಣ್ಣ ಕೆಳಗೆ ಮಾತ್ರ ಕಪ್ಪು ಇಳಿದಿತ್ತು.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ದಾರಿ. ಸರ್ ಹಟ ಹಿಡಿದದ್ದು ಇನ್ನೊಂದು ದಾರಿಗಾಗಿ. ವಿಜಾಪುರದ ಮೊದಲ ಸುಲ್ತಾನ ತುರ್ಕಿಯಿಂದ ಬಂದವನು ಎಂಬ ಹಳೆಯ ಮಾತೊಂದಿದೆ. ಅವನ ಹಿಂದೆ ಕಡಲ ದಾರಿಯಲ್ಲಿ ಬಂದ ಸಿಪಾಯಿಗಳು, ಅಡುಗೆಯವರು ದಿಲ್ಲಿಯನ್ನು ಮುಟ್ಟದೆ ನೇರವಾಗಿ ನಮ್ಮ ಸೀಮೆಗೆ ಆ ಪದವನ್ನು ತಂದಿರಬೇಕು ಎಂದು ಇವರ ವಾದ. ಹಾಗಿದ್ದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಯಾವುದೋ ಒಂದು ಅಡುಗೆಮನೆಯಲ್ಲಾದರೂ ಆ 'ವು' ಉಳಿದಿರಬೇಕು. ಅವರ ಗೈಡ್ ಖಡಕ್ಕಾಗಿ ಹೇಳಿದ್ದರು: ಒಂದೇ ಒಂದು ಬಾಯಿಯಿಂದ ಕೇಳಿ ತಾ, ಅಧ್ಯಾಯ ನಿಲ್ಲುತ್ತದೆ; ಇಲ್ಲದಿದ್ದರೆ ಇದು ಬರೀ ಊಹೆ.

ಆ ಒಂದು ಬಾಯಿಗಾಗಿ ಅವರು ಪ್ರತಿ ಭಾನುವಾರ ಬಸ್ ಹತ್ತಿದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ನೋಟುಬುಕ್ಕು, ನೀರಿನ ಬಾಟಲಿ, ಹೆಂಡತಿ ಸಿದ್ದವ್ವ ಅವರ ಊರಾದ ಇಂಗಳೇಶ್ವರದಿಂದ ಕಟ್ಟಿ ಕಳಿಸಿದ ಸಜ್ಜಿ ರೊಟ್ಟಿ. ಮುದ್ದೇಬಿಹಾಳದಲ್ಲಿ ದಾವಲಮಲಿಕ ಎಂಬ ಮದುವೆ ಅಡುಗೆಯವನನ್ನು ಮೂರು ಸಲ ಹೋಗಿ ಕಂಡರು. ಅವನು ಕಡೆಗೆ ಕೈ ಮುಗಿದು, "ಸರ, ಕುರ್ಮಾ ಅಂದ್ರ ಕುರ್ಮಾರಿ. ನಮ್ಮಪ್ಪನೂ ಹಿಂಗ ಅಂತಿದ್ದ, ನಮ್ಮಜ್ಜನೂ ಹಿಂಗ ಅಂತಿದ್ದ. ನನ್ನ ಬಿಟ್ಟಬಿಡ್ರಿ" ಎಂದನಂತೆ. ಇಂಡಿಯಲ್ಲೂ ಅದೇ, ಬಾಗೇವಾಡಿಯಲ್ಲೂ ಅದೇ. ಕಲ್ಲಿನಲ್ಲಿ ನಾರು ತೆಗೆಯುವ ಕೆಲಸ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎಂದು ನೀವು ಅನ್ನಬಾರದು. ಅಷ್ಟು ಮುಸ್ಲಿಮರ ಮನೆಗಳಿಗೆ ಹೋದ ಈ ಮನುಷ್ಯ ಯಾವ ಮನೆಯಲ್ಲೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಚಹಾ ಕೂಡ. "ಈಗಷ್ಟ ಕುಡದ ಬಂದೇನ್ರಿ" ಎಂಬುದು ಅವರ ಮಂತ್ರ. ಪಾತ್ರೆಯಲ್ಲಿ ಏನು ಬೆಂದಿರುತ್ತದೋ ಎಂಬ ಅಳುಕು. ಕೇಳಿದರೆ ಸಂಕೋಚ ಎನ್ನುತ್ತಿದ್ದರು. ನಾನು ಅದಕ್ಕೆ ಬೇರೆ ಹೆಸರು ಇಡುತ್ತೇನೆ, ಮುಖಕ್ಕೇ ಹೇಳಿದ್ದೇನೆ. "ಸರ, ಅವರ ಮಾತ ಬೇಕು, ಅವರ ನೀರ ಬ್ಯಾಡ. ಇದ್ಯಾವ ನ್ಯಾಯರಿ?" ಅಂದಿದ್ದೆ. ಅವರು ತಲೆ ತಗ್ಗಿಸಿ, "ನಮ್ಮವ್ವ ಕಲಿಸಿದ್ದು ಮೈಯಾಗ ಕುಂತಬಿಟ್ಟೈತ್ರಿ. ಹೋಗವಲ್ದು" ಎಂದರು. ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೆ ಸುಮ್ಮನಾದೆ.

ಎರಡು ವರ್ಷದ ಹಿಂದೆ ಕಾಲೇಜಿಗೆ ಕಾಗದ ಬಂತು. ಪಿಎಚ್‌ಡಿಯೋ ಅರ್ಹತಾ ಪರೀಕ್ಷೆಯೋ ಇಲ್ಲದ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದಿಂದ ಕೆಲಸ ಇಲ್ಲ. ಸರ್ ಆಗ ನಲವತ್ತಾರು ವರ್ಷದವರು, ಹದಿನಾಲ್ಕು ವರ್ಷ ಪಾಠ ಮಾಡಿದವರು. ಅದೇ ಹೊತ್ತಿಗೆ ವಿಶ್ವವಿದ್ಯಾಲಯದಿಂದಲೂ ಬಂತು: ಆಗಸ್ಟ್ ಕೊನೆಗೆ ಪ್ರಬಂಧ ಸಲ್ಲಿಸಬೇಕು, ಇನ್ನು ಮುಂದೆ ಅವಧಿ ವಿಸ್ತರಣೆ ಇಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುವ ಹಾಗಿತ್ತು ಅವರ ಸ್ಥಿತಿ. ಕೆಲಸ ಉಳಿಯಬೇಕಾದರೆ ಪ್ರಬಂಧ ಮುಗಿಯಬೇಕು, ಪ್ರಬಂಧ ಮುಗಿಯಬೇಕಾದರೆ ಕೆಲಸ ಬಿಟ್ಟು ತಿರುಗಬೇಕು. ಆ ದಿನ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಫ್ಯಾನು ನೋಡಿದರು. "ಸಾಕಾತ್ರಿ ವಿದ್ಯಾವತಿಯವರ" ಎಂದರು. ಒಂಬತ್ತು ವರ್ಷದಲ್ಲಿ ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ನನ್ನ ತವರು ಆಲಮೇಲ, ಇದೇ ಸಿಂದಗಿ ಸೀಮೆಯ ಊರು. ತವರಿನ ಓಣಿಯಲ್ಲಿ ಸೈದಾಬಿ ಎಂಬ ಚಾಚಿ ಇದ್ದಾರೆ. ಎಪ್ಪತ್ತೈದು ದಾಟಿದವರು, ನನ್ನನ್ನು ಎತ್ತಿ ಆಡಿಸಿದವರು. ಬಕ್ರೀದಿನ ಮಾರನೆಯ ದಿನ ಅವರ ಮನೆಯಲ್ಲಿ ಮಾಂಸವನ್ನು ಕೊಬ್ಬಿನಲ್ಲಿ ಹುರಿದು, ಉಪ್ಪು ಅರಿಶಿನ ಹಾಕಿ, ದೊಡ್ಡ ಪಾತ್ರೆಯಲ್ಲಿ ಇಟ್ಟುಕೊಂಡು ದಿನಾ ಬಿಸಿ ಮಾಡಿ ವಾರಗಟ್ಟಲೆ ತಿನ್ನುವುದು ನನಗೆ ಗೊತ್ತಿತ್ತು. ವಾಸನೆ ಓಣಿಗೆಲ್ಲ ಬರುತ್ತಿತ್ತು. ಸರ್ ಹೇಳುತ್ತಿದ್ದ ತುರ್ಕಿ ಗಡಿಗೆ ಇದೇ ಅಲ್ಲವೇ ಎಂದು ಆಗ ಹೊಳೆಯಿತು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ಟೈಪು ಮಾಡುವಾಗ ಕೈ ಓದುತ್ತದೆ, ತಲೆ ಓದುವುದಿಲ್ಲ.

ಕೂಡಲೇ ಸೈದಾಬಿಗೆ ಫೋನು ಹಚ್ಚಿದೆ. ಆಗ ಆಡಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಚಾಚಿ, ನಮ್ಮ ಸರ್ ಒಬ್ಬರ ಬರ್ತಾರ. ಭಾಳ ಸಾದಾ ಮನಷ್ಯಾ, ಭಾಳ ತಿರಗ್ಯಾರ. ಏನ ಕೇಳಿದ್ರೂ ಹೇಳ್ರಿ. ಬರಿಗೈಲೆ ಕಳಸಬ್ಯಾಡ್ರಿ." ಸೈದಾಬಿ, "ಮನಿಗೆ ಬಂದವ್ರನ್ನ ನಾ ಎಂದರ ಬರಿಗೈಲೆ ಕಳಸೇನೇನವ್ವಾ?" ಎಂದರು.

ಬಕ್ರೀದಾದ ನಾಲ್ಕನೆಯ ದಿನ ಸರ್ ಆಲಮೇಲಕ್ಕೆ ಹೋದರು. ಸಂಜೆಯ ಬಸ್ಸಿಗೆ ಇಳಿದವರೇ ಅಂಗಡಿಗೆ ಬಂದರು. ಬಿಸಿಲಿಗೆ ಮುಖ ಸುಟ್ಟಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ನೋಟುಬುಕ್ಕು ತೆಗೆದು ನನ್ನ ಮುಂದೆ ಇಟ್ಟರು. 'ಸೈದಾಬಿ, ವಯಸ್ಸು 76, ಆಲಮೇಲ' ಎಂದು ಅಂಚಿನಲ್ಲಿತ್ತು. ನಡುವೆ ದಪ್ಪಗೆ ಬರೆದಿದ್ದರು: ಕವುರ್ಮಾ.

"ಆಕಿನ ಬಾಯಿಂದ ಕೇಳ್ದೆ" ಎಂದರು. ಖುಷಿ ಪಡುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ದಣಿವು ಎಂದುಕೊಂಡೆ. ನಾನೇ ಎದ್ದು ಹೋಗಿ ಎರಡು ಚಹಾ, ಒಂದು ಪ್ಲೇಟು ಭಜಿ ತಂದೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದದ್ದು ನನಗೆ.

ಮುಂದಿನ ತಿಂಗಳೆಲ್ಲ ಟೈಪಿಂಗು. ನಲವತ್ತೊಂದು ಪುಟದ ಅಧ್ಯಾಯ, 'ಕವುರ್ಮಾ: ಒಂದು ಜೀವಂತ ಸಾಕ್ಷ್ಯ'. ಗೈಡ್ ಓದಿ ಬೆನ್ನು ತಟ್ಟಿದರಂತೆ. ಒಂದು ವಿಚಿತ್ರ ಇತ್ತು. ಪ್ರತಿ ಸಂದರ್ಶನದ ಧ್ವನಿಮುದ್ರಣವನ್ನು ಸರ್ ನನಗೆ ಕೊಡುತ್ತಿದ್ದರು, ನಾನು ಕೇಳಿ ಕೇಳಿ ಅನುಬಂಧಕ್ಕೆ ಟೈಪು ಮಾಡುತ್ತಿದ್ದೆ. ಸೈದಾಬಿಯದು ಮಾತ್ರ ಕೊಡಲಿಲ್ಲ. ಕೇಳಿದರೆ, "ಗಾಳಿ ಸಪ್ಪಳ ಭಾಳೈತ್ರಿ, ನಾನ ಬರದ ಕೊಡ್ತೇನಿ" ಎಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಾಗರ ಪಂಚಮಿಗೆ ತವರಿಗೆ ಹೋದೆ. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದವಳು ಹೆಣ್ಣೇ ಅಲ್ಲ. ಶೇಂಗಾ ಉಂಡಿ ಒಂದು ಡಬ್ಬಿ ಕಟ್ಟಿಕೊಂಡು ಸೈದಾಬಿಯ ಮನೆಗೆ ಹೋದೆ. ಕೈ ಹಿಡಿದು, "ಚಾಚಿ, ನಿಮ್ಮಿಂದ ನಮ್ಮ ಸರದು ಬದುಕಾತು. ಕವುರ್ಮಾ ಅನ್ನೂ ಮಾತ ನಿಮ್ಮ ಬಾಯಾಗ ಉಳದಿತ್ತಲ್ರಿ" ಎಂದೆ.

ಸೈದಾಬಿ ಉಂಡಿ ಮುರಿದು ಅರ್ಧ ನನ್ನ ಕೈಗೇ ಇಟ್ಟರು. "ಯಾವ ಮಾತವ್ವಾ?"

"ಅದರಿ, ಬಕ್ರೀದದಾಗ ಹುರದ ಇಡತೀರಲ್ಲ, ಅದಕ್ಕ ಕವುರ್ಮಾ ಅಂತೀರಂತ."

"ಹಾಂ, ಅದಾ. ನಾವು ಎಲ್ಲಿ ಅಂತೇವಿ? ಹುರದದ್ದು ಅಂತೇವಿ. ಅವರ ಕೇಳಿದ್ರು, 'ಕವುರ್ಮಾ ಅಂತೀರೇನ್ರಿ, ನೆನಪ ಮಾಡ್ಕೋರಿ, ನಿಮ್ಮತ್ತಿ ಅಂತಿದ್ರೇನ್ರಿ' ಅಂತ. ನಾಕ ಸಲ ಕೇಳಿದ್ರು. ಮುಖ ನೋಡಿದ್ರ ಪಾಪ ಅನಿಸ್ತು. ಬಿಸಲಾಗ ಬಂದಾಂವ. ಚಾ ಕೊಟ್ಟೆ, ಮುಟ್ಟಲಿಲ್ಲ. ಸಕ್ರಿ ನೀರ ಕೊಟ್ಟೆ, ಒಲ್ಲೆ ಅಂದ. ಬಾಳಿಹಣ್ಣ ಸೈತ ತರಿಸಿದ್ನಿ, ಸಿಪ್ಪಿ ಇರೂ ಹಣ್ಣ, ಅದಕ್ಕೇನ ಆಗ್ತೈತಿ? ಅದನ್ನೂ ಚೀಲದಾಗ ಹಾಕ್ಕೊಳ್ಳಲಿಲ್ಲ. ನೀ ಬ್ಯಾರೆ ಬರಿಗೈಲೆ ಕಳಸಬ್ಯಾಡ ಅಂದಿದ್ದಿ. ಆಂವ ಬೇಡಿದ್ದ ಒಂದ ಮಾತ. ಹೌದಪಾ, ನಮ್ಮತ್ತಿ ಅಂತಿದ್ಳು ಅಂದೆ. ಅದನ್ನರೆ ಒಯ್ಯಲಿ ಅಂತ ಕೊಟ್ಟೆ."

ನಮ್ಮ ಸೀಮೆಯಲ್ಲಿ ಡಬ್ಬಿಯ ಅಕ್ಕಿ ತೀರಿದರೂ ಇಲ್ಲ ಎನ್ನುವುದಿಲ್ಲ, ಹೆಚ್ಚಾಗೇತಿ ಎನ್ನುತ್ತೇವೆ. ಇಲ್ಲ ಎಂಬ ಮಾತು ಅತಿಥಿಯ ಮುಂದೆ ಬಾಯಿಂದ ಬರುವುದಿಲ್ಲ, ಬಂದರೆ ಮನೆಯ ಮರ್ಯಾದೆ ಹೋದ ಹಾಗೆ. ಮುದುಕಿ ಸುಳ್ಳು ಹೇಳಿರಲಿಲ್ಲ, ಊಟಕ್ಕೆ ಇಕ್ಕಿದ್ದರು. ಅದನ್ನು ಹೇಗೆ ಬೈಯಲಿ? ಅವರಿಗೆ ಏನೂ ಹೇಳದೆ ಎದ್ದು ಬಂದೆ.

ಸಲ್ಲಿಸುವುದಕ್ಕೆ ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ನನ್ನ ತಲೆಯಲ್ಲಿ ನಡೆದದ್ದನ್ನು ಹೇಳಿದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ನುಂಗಲಾರೆ, ಉಗುಳಲಾರೆ. ಬೇರೆಯವರ ತಾಯಿಯ ಹೆಸರು ಇಟ್ಟುಕೊಂಡವರು ಡಾಕ್ಟರಾದಾಗ ಸುಮ್ಮನಿದ್ದವಳು ಈಗ ಯಾಕೆ ಬಾಯಿ ತೆರೆಯಬೇಕು? ಯಾರು ಆಲಮೇಲಕ್ಕೆ ಹೋಗಿ ಮುದುಕಿಯನ್ನು ವಿಚಾರಿಸುತ್ತಾರೆ? ಒಂದು 'ವು' ಅಕ್ಷರಕ್ಕೆ ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳುವುದೇ? ಮೂರು ದಿನ ಹೀಗೆಯೇ ಕಳೆದೆ. ನಾಲ್ಕನೆಯ ದಿನ ಅವರು ಅಂತಿಮ ಪ್ರತಿ ತೆಗೆಯಲು ಬಂದರು. ಆ ಅಧ್ಯಾಯ ಪ್ರಿಂಟರಿನಿಂದ ಒಂದೊಂದೇ ಪುಟ ಹೊರಗೆ ಬರುತ್ತಿದ್ದಂತೆ ನನ್ನಿಂದ ತಡೆಯಲಾಗಲಿಲ್ಲ. ನಾನು ಎಲ್ಲರ ಸುಳ್ಳನ್ನೂ ಟೈಪು ಮಾಡಿದ್ದೇನೆ, ಇವರದನ್ನು ಮಾಡಲಾರೆ ಎನಿಸಿತು. ಇವರೊಬ್ಬರನ್ನು ನಂಬಿದ್ದೆ. ಪ್ರಿಂಟರು ನಿಲ್ಲಿಸಿ, ಸೈದಾಬಿ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಸರ್ ಗಾಬರಿಯಾಗಲಿಲ್ಲ. ಆ ಬೆಚ್ಚನೆಯ ಹಾಳೆಯ ಮೇಲೆ ಕೈ ಇಟ್ಟರು.

"ಗೊತ್ತಿತ್ರಿ" ಎಂದರು.

"ಏನ ಗೊತ್ತಿತ್ತು?"

"ಅವತ್ತ ಬಸ್ಸಿನ್ಯಾಗ ಕುಂತ ರೆಕಾರ್ಡ ಕೇಳ್ದೆ. ಕವುರ್ಮಾ ಅಂತ ಮೊದಲ ಅಂದಾಂವ ನಾನ. ಎರಡನೇದ್ದೂ ನಾನ. ನಾಕ ಸಲ ನಾ ಅಂದ ಮ್ಯಾಲ ಆಕಿ ಹೌದಪಾ ಅಂದ್ಳು. ಸಾಲಿ ಹುಡುಗರಿಗೆ ಪಾಠ ಹೇಳಿಕೊಟ್ಟ ಪಾಠ ಒಪ್ಪಿಸ್ಕೊಂಡಂಗ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮತ್ತ ಯಾಕ ಬರದ್ರಿ? ಅಂಚಿನ್ಯಾಗ ಹೆಸರ ಬರೀತಿದ್ರಿ, ತಾರೀಖ ಬರೀತಿದ್ರಿ. ನನ್ನ ಕೈಲೆ ಹನ್ನೊಂದ ಸಲ ಟೈಪ ಮಾಡಿಸಿದ್ರಿ. ಎಲ್ಲಾ ಇದಕ್ಕ?"

"ಸಾಕಾಗಿತ್ರಿ" ಎಂದರು. ಅಷ್ಟೇ. ದನಿ ಏರಲಿಲ್ಲ, ಇಳಿಯಲಿಲ್ಲ. ತಾವೇ ಮುಂದುವರಿಸಿದರು. "ಮೈಯಾಗಿನ ಶಕ್ತಿ ಮುಗದಿತ್ತು. ನನಗೊಬ್ಬಗ ಗೊತ್ತಿರೂ ಸುಳ್ಳು, ಹೊತ್ಕೊಂಡ ಹೋಗ್ತೇನಿ ಅಂದ್ಕೊಂಡೆ. ಆ ಬಾಳಿಹಣ್ಣ ಒಂದ ತಿಂದಿದ್ರ ಆಕಿಗೆ ಆ ಮಾತ ಹೇಳೂ ಪ್ರಸಂಗನ ಬರ್ತಿರ್ಲಿಲ್ರಿ. ಕೊಡಾಕ ಆಕಿಗೆ ಬ್ಯಾರೆ ಏನ ಉಳಿಸಿದ್ದೆ ನಾ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಈ ಮನುಷ್ಯನನ್ನು ಬೈಯುವುದಕ್ಕೆ ನನಗೆ ಏನು ಹಕ್ಕು? ಬರಿಗೈಲೆ ಕಳಿಸಬೇಡಿ ಎಂದವಳು ನಾನೇ ಅಲ್ಲವೇ. "ಸರ, ನಾ ಏನೂ ಕೇಳಿಲ್ಲ ಅಂದ್ಕೋರಿ. ಪ್ರಿಂಟ ತಗೀತೇನಿ" ಎಂದೆ. ಮನಸಾರೆ ಅಂದೆ.

ಅವರು ತಲೆ ಅಲ್ಲಾಡಿಸಿದರು. "ಒಬ್ಬಗ ಹೊರಾಕ ಆಗ್ತಿತ್ತೇನೋ. ಈಗ ನೀವೂ ಹೊರಬೇಕಾಗ್ತೈತಿ. ಬ್ಯಾಡ್ರಿ. ಅಳಿಸಿಬಿಡ್ರಿ ಅದನ್ನ."

ನಾನು ಕೀಲಿ ಒತ್ತಲಿಲ್ಲ. ಕುರ್ಚಿ ಬಿಟ್ಟು ಎದ್ದೆ. ಅವರೇ ಕೂತು, ಒಂದೇ ಬೆರಳಿನಿಂದ ಹುಡುಕಿ ಹುಡುಕಿ, ನಲವತ್ತೊಂದು ಪುಟವನ್ನೂ ಅಳಿಸಿದರು. ಆ ಜಾಗದಲ್ಲಿ ಒಂಬತ್ತು ಪುಟ ಹೊಸದಾಗಿ ಬರೆದು ತಂದರು. ಪದ ಬರಲಿಲ್ಲ, ಪದಾರ್ಥ ಬಂತು. ಆಲಮೇಲದಲ್ಲಿ ಅದನ್ನು 'ಹುರಿದದ್ದು' ಎನ್ನುತ್ತಾರೆ, ಕವುರ್ಮಾ ಎಂದರೂ ಅಷ್ಟೇ ಅರ್ಥ. 'ನಾನು ಕಿವಿಯಿಂದ ಹುಡುಕುತ್ತಿದ್ದದ್ದು ನನ್ನ ಭಾಷೆಯಲ್ಲೇ ನನ್ನ ಎದುರು ಕೂತಿತ್ತು' ಎಂದು ಬರೆದಿದ್ದರು. ತಾವು ಮಾಡಿದ ತಪ್ಪನ್ನೂ ಮುಚ್ಚಿಡದೆ ಬರೆದಿದ್ದರು. ಹತ್ತೊಂಬತ್ತು ವರ್ಷದಲ್ಲಿ ನಾನು ತಲೆ ಇಟ್ಟು ಓದಿದ ಒಂಬತ್ತು ಪುಟ ಅವು.

ಗೈಡ್ ಸಿಟ್ಟಾದರು. ಪರೀಕ್ಷಕರೊಬ್ಬರು, ಮುಖ್ಯ ಅಧ್ಯಾಯದಲ್ಲಿ ಸಾಕ್ಷ್ಯವಿಲ್ಲ, ಪುನಃ ಬರೆದು ಸಲ್ಲಿಸಬೇಕು ಎಂದು ವಾಪಸು ಕಳಿಸಿದರು. ಅಷ್ಟರಲ್ಲಿ ಕಾಲೇಜಿನ ಹೊಸ ಪಟ್ಟಿ ಬಂತು, ಅದರಲ್ಲಿ ಸರ್ ಹೆಸರು ಇರಲಿಲ್ಲ. ಪುನಃ ಬರೆಯಲೂ ಇಲ್ಲ. ಈಗ ಇಂಡಿಯಲ್ಲಿ ಪೊಲೀಸ್ ಪೇದೆ ಪರೀಕ್ಷೆಯ ಕೋಚಿಂಗ್ ಸೆಂಟರಿನಲ್ಲಿ ಕನ್ನಡ ಹೇಳುತ್ತಾರೆ. ತಿಂಗಳಿಗೊಮ್ಮೆ ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ನನ್ನಲ್ಲಿಗೇ ಬರುತ್ತಾರೆ. ಇಂಡಿಯಲ್ಲಿ ಟೈಪಿನವರಿಲ್ಲವೇ ಎಂದು ನಾನು ಕೇಳುವುದಿಲ್ಲ. ಯಾರು ಏನು ಕೊಟ್ಟರೂ ತಿನ್ನುತ್ತಾರೆ ಈಗ. ಸಕ್ಕರೆ ಕಾಯಿಲೆ ಶುರುವಾಗಿದೆ, ಆದರೂ ಒಲ್ಲೆ ಅನ್ನುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಅವರು ಡಾಕ್ಟರ್ ಬಸಂತರಾಯ. ಕೆಲವು ದಿನ ಹೇಳಿದ್ದು ಸರಿ ಅನಿಸುತ್ತದೆ. ಹೆಚ್ಚಿನ ದಿನ ಅನಿಸುವುದಿಲ್ಲ.

ಈ ವರ್ಷದ ಪಂಚಮಿಗೆ ಮತ್ತೆ ಆಲಮೇಲಕ್ಕೆ ಹೋಗಿದ್ದೆ. ಸೈದಾಬಿಗೆ ಕಣ್ಣು ಮಂಜಾಗಿವೆ, ದನಿಯಿಂದ ಗುರುತು ಹಿಡಿದರು. ಹೊರಸಿನ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಮೊದಲು ಕೇಳಿದ್ದೇ ಅದನ್ನು.

"ನಿಮ್ಮ ಸರ್ ಡಾಕ್ಟರ್ ಆದ್ರೇನವ್ವಾ?"

ದಾರಿಯಲ್ಲಿ ಬಸ್ಸಿನಲ್ಲಿ ಕೂತು ನಾನು ಗಟ್ಟಿ ಮಾಡಿಕೊಂಡು ಬಂದಿದ್ದೆ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು. ಅವರು ಮುಖ ನನ್ನ ಕಡೆ ತಿರುಗಿಸಿ, ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದರು.

"ಆದ್ರು ಚಾಚಿ" ಎಂದೆ. "ನೀವು ಹೇಳಿದ ಮಾತಿಂದನ ಆದ್ರು."

ಸೈದಾಬಿ ಸೆರಗು ತಲೆಯ ಮೇಲೆ ಎಳೆದುಕೊಂಡರು. "ಛಲೋ ಆತು ತಾಯಿ. ಅವತ್ತ ನನ್ನ ಮನ್ಯಾಗ ಒಂದ ಹನಿ ನೀರೂ ಕುಡೀದ ಹೋದಾಂವ. ಎರಡ ವರ್ಷ ನನ್ನ ಜೀವಕ್ಕ ಅದು ಹತ್ತೇ ಇತ್ತು. ಈಗ ಸಮಾಧಾನ ಆತು."